ಬಟ್ಟೆ ಎತ್ತಿ ನೋಡುವ ಹುಡುಗಿ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಲಂಡನ್ನಿನ ವೆಂಬ್ಲಿಯ ಒಂದು ನರ್ಸರಿಯಲ್ಲಿ ಸಹಾಯಕಿಯಾಗಿದ್ದೆ. ಗಂಡನಿಗೆ ಆಸ್ಪತ್ರೆಯ ಡ್ಯೂಟಿ ಬಿಟ್ಟರೆ ಲೋಕವಿರಲಿಲ್ಲ, ನನ್ನ ಮೈಸೂರಿನ ಬಿ.ಎಸ್ಸಿ. ಇಲ್ಲಿ ಯಾರಿಗೂ ಬೇಕಿರಲಿಲ್ಲ. ಹಗಲು ಮಕ್ಕಳ ಮೂಗು ಒರೆಸುವುದು, ಸಂಜೆ ಕಾಲೇಜಿಗೆ ಹೋಗಿ ಶಿಶುಶಿಕ್ಷಣ ಓದುವುದು. ಅಲ್ಲಿ ಎರಡು ವಾದ. ಮಗು ತಾನೇ ಮುಟ್ಟಿ, ಕೆಡವಿ, ಜೋಡಿಸಿ ಕಲಿಯುತ್ತದೆ, ದೊಡ್ಡವರು ಪಕ್ಕಕ್ಕಿರಿ ಅನ್ನುವುದು ಒಂದು. ಹೆಚ್ಚು ತಿಳಿದವರು ಜೊತೆಗಿದ್ದು ಹೇಳಿಕೊಟ್ಟರೇ ಅದು ಮುಂದೆ ಹೋಗುವುದು ಅನ್ನುವುದು ಇನ್ನೊಂದು. ನಮ್ಮ ನರ್ಸರಿಯ ಮುಖ್ಯಸ್ಥೆ ಮೊದಲನೆಯ ಪಂಗಡ. ಮಗು ಒಂದೇ ಕೆಲಸವನ್ನು ಪದೇ ಪದೇ ಮಾಡಿದರೆ ಅದೇ ಅದರ ಪಾಠ, ನಾವು ಸಾಮಾನು ಒದಗಿಸಬೇಕು, ಬಾಯಿ ಹಾಕಬಾರದು ಎನ್ನುತ್ತಿದ್ದರು.

ಆ ಚಳಿಗಾಲ ಮೂರೂವರೆ ವರ್ಷದ ಒಬ್ಬಳು ಹುಡುಗಿ ಮುಚ್ಚುವ ಆಟ ಶುರು ಮಾಡಿದಳು. ನಮ್ಮ ಕನ್ನಡದವರದೇ ಮಗು. ತಾಯಿ ತುಂಬು ಬಸುರಿ. ದಿನಾ ಬಂದು ಬಿಟ್ಟುಹೋಗುತ್ತಿದ್ದವಳು ಕ್ರಿಸ್‌ಮಸ್ ರಜೆಯ ನಂತರ ಕಾಣಿಸಲಿಲ್ಲ. ಅಪ್ಪ ಮಗುವನ್ನು ಬಾಗಿಲಲ್ಲಿ ಬಿಟ್ಟು ಮುಖ ತಪ್ಪಿಸಿಕೊಂಡು ಓಡುತ್ತಿದ್ದ. ಹೆರಿಗೆಯಾಗಿರಬೇಕು, ಮನೆಯಲ್ಲಿ ಬಾಣಂತನ ನಡೆದಿರಬೇಕು ಎಂದುಕೊಂಡೆ.

ಹುಡುಗಿ ಟೀಪಾಟಿಗೆ ಬಟ್ಟೆ ಮುಚ್ಚುವಳು. ಮರದ ರೈಲಿಗೆ, ಗೊಂಬೆಗಳಿಗೆ, ಅವುಗಳ ಮುಖಕ್ಕೂ. ಪಕ್ಕದಲ್ಲಿ ಕೂತು ಕಾಯುವಳು. ಆಮೇಲೆ ಒಂದು ತುದಿ ಎತ್ತಿ ಇಣುಕಿ, "ಇಲ್ಲಿಲ್ಲ" ಎಂದು ಪಿಸುಗುಟ್ಟಿ ಮುಂದಿನದಕ್ಕೆ ಹೋಗುವಳು. ನಗುವಿಲ್ಲ, ಅಳುವಿಲ್ಲ. ಮಧ್ಯಾಹ್ನವೇ ಮಬ್ಬುಗತ್ತಲಾಗುವ ಆ ದೊಡ್ಡ ಕೋಣೆಯಲ್ಲಿ ಬಿಳಿ ಬಟ್ಟೆ ಹೊದ್ದ ಗೊಂಬೆಗಳ ಸಾಲನ್ನು ನಾನು ನೋಡದೆ ದಾಟುತ್ತಿದ್ದೆ. ನಮ್ಮಲ್ಲಿ ಹಾಗೆ ಮುಖ ಮುಚ್ಚಿ ಮಲಗಿಸುವುದು ಯಾರನ್ನು ಅಂತ ಗೊತ್ತಲ್ಲ.

ಮುಖ್ಯಸ್ಥೆಗೋ ಹಿಗ್ಗೋ ಹಿಗ್ಗು. ಮುಚ್ಚುವ, ಸುತ್ತುವ ಹಂಬಲ ಪುಸ್ತಕದಲ್ಲಿ ಹೇಳಿದ ಹಾಗೇ ಇದೆ ಎಂದು ಬುಟ್ಟಿ ತುಂಬ ಬಟ್ಟೆ, ಮುಚ್ಚಳದ ಡಬ್ಬಿ ತಂದಿಟ್ಟರು. ಅವಳು 'ಇಲ್ಲಿಲ್ಲ' ಅನ್ನುತ್ತಾಳೆ, ಏನೋ ಕಳೆದಿದೆ ಎಂದೆ. "ಒಳ್ಳೆಯದೇ ಆಯಿತು, ಮಾತೂ ಬೆಳೆಯುತ್ತಿದೆ" ಎಂದರು. ನಿಮ್ಮ ಪುಸ್ತಕಕ್ಕಿಷ್ಟು ಬೆಂಕಿ ಹಾಕ ಎಂದು ಗೊಣಗಿಕೊಂಡೆ.

ಆಟ ಉಳಿದ ಮಕ್ಕಳಿಗೂ ಅಂಟಿತು. ಚಾಪೆಯ ಮೇಲೆ ಸಾಲಾಗಿ ಮಲಗಿ, ಮುಖಕ್ಕೆ ಬಟ್ಟೆ ಹಾಕಿಸಿಕೊಂಡು, ಉಸಿರು ಬಿಗಿಹಿಡಿದು ಅವಳಿಗಾಗಿ ಕಾಯುವವು. ಅಷ್ಟು ಮಕ್ಕಳಿದ್ದೂ ಒಂದು ಸದ್ದಿಲ್ಲ. ಅವಳು ಒಬ್ಬೊಬ್ಬರ ಬಟ್ಟೆ ಎತ್ತಿ ನೋಡುವಳು. ಇಲ್ಲಿಲ್ಲ. ಇಲ್ಲಿಲ್ಲ. ಒಂದು ದಿನ ನೇರ ನನ್ನ ಬಳಿ ಬಂದು, ಸ್ವೆಟರಿನ ಅಂಚು ಎತ್ತಿ, ನನ್ನ ಹೊಟ್ಟೆಯನ್ನೇ ನೋಡುತ್ತ ನಿಂತಳು. "ಇಲ್ಲೂ ಇಲ್ಲ" ಎಂದಳು.

ಆ ಶನಿವಾರ ತಡೆಯಲಾಗಲಿಲ್ಲ. ಬಾಣಂತಿಯನ್ನು ನೋಡಲು ಬರಿಗೈಲಿ ಹೋಗಬಾರದೆಂದು ಈಲಿಂಗ್ ರೋಡಿನಲ್ಲಿ ಒಂದು ಕುಲಾವಿ ಕೊಂಡು ಅವರ ಮನೆಗೆ ಹೋದೆ. ಮೈಸೂರಿನಿಂದ ಬಂದಿದ್ದ ಅಜ್ಜಿ, ತಾಯಿಯ ತಾಯಿ, ಬಾಗಿಲು ತೆರೆದರು. ಮನೆಯೆಲ್ಲ ಸಾಂಬ್ರಾಣಿ ಹೊಗೆ, ಹುರಿದ ಬೆಳ್ಳುಳ್ಳಿಯ ವಾಸನೆ. ಪರದೆ ಎಳೆದ ಕೋಣೆಯಲ್ಲಿ ತಾಯಿ ಕಿವಿಗೆ ಹತ್ತಿಯಿಟ್ಟು, ತಲೆಗೆ ಬಟ್ಟೆ ಬಿಗಿದು, ರಗ್ಗು ಹೊದ್ದು ಮಲಗಿದ್ದಳು. ಬಾಣಂತನದಲ್ಲಿ ಏನೂ ಕಡಿಮೆಯಿರಲಿಲ್ಲ. ಕೂಸು ಮಾತ್ರ ಇರಲಿಲ್ಲ.

"ಉಳೀಲಿಲ್ಲಮ್ಮ," ಎಂದರು ಅಜ್ಜಿ. "ಹೆತ್ತ ಮೈಗೆ ಆರೈಕೆ ಬೇಕಲ್ಲ, ಮಾಡ್ತಿದೀನಿ. ದೊಡ್ಡವಳಿಗೆ ಏನೂ ಹೇಳಿಲ್ಲ. ಮಕ್ಕಳು, ಮರ್ತುಬಿಡ್ತವೆ."

ಅಷ್ಟರಲ್ಲಿ ಹುಡುಗಿ ಒಳಗೆ ಬಂದಳು. ನನ್ನತ್ತ ನೋಡಲೂ ಇಲ್ಲ. ಅಮ್ಮನ ಕಾಲ ಬಳಿ ರಗ್ಗು ಎತ್ತಿ, ತಲೆ ಒಳಗೆ ತೂರಿಸಿ, ಬಹಳ ಹೊತ್ತು ಹಾಗೇ ಇದ್ದಳು. "ಇಲ್ಲಿಲ್ಲ" ಎಂದು ಎದ್ದು ಬೀರುವಿನ ಬಾಗಿಲು ತೆಗೆದಳು.

ನನಗೆ ಸಿಟ್ಟೂ ಬಂತು, ಅಳುವೂ ಬಂತು. "ಎಲ್ಲಿ ಮರ್ತಿದಾಳೆ ಅಜ್ಜಿ? ನರ್ಸರೀಲಿ ದಿನಾ ಪಾಪೂನ ಹುಡುಕ್ತಿದಾಳೆ. ಗೊಂಬೆ ಕೆಳಗೆ, ಡಬ್ಬೀಲಿ, ನನ್ನ ಹೊಟ್ಟೇಲೂ ಹುಡುಕಿದ್ಲು. ಅವಳು ತಾನಾಗೇ ಇದನ್ನ ಎಲ್ಲಿಂದ ತಿಳ್ಕೋಬೇಕು? ದೊಡ್ಡವರು ಹೇಳ್ಬೇಕು."

"ಅಯ್ಯೋ, ಅಷ್ಟು ಚಿಕ್ಕದರ ಹತ್ರ ಸಾವಿನ ಮಾತಾ?" ಎಂದರು ಅಜ್ಜಿ.

ತಾಯಿ ಎದ್ದು ಕೂತಳು. ಕಿವಿಯ ಹತ್ತಿ ತೆಗೆದಿಟ್ಟಳು. "ಪುಟ್ಟಿ, ಬಾ ಇಲ್ಲಿ" ಎಂದಳು. ಮಗಳ ಎರಡೂ ಕೈ ಹಿಡಿದುಕೊಂಡು ಹೇಳಿದಳು: "ಪಾಪು ಸತ್ತುಹೋಯ್ತು ಕಂದ. ಎಲ್ಲೂ ಬಚ್ಚಿಟ್ಕೊಂಡಿಲ್ಲ. ಇನ್ನು ಬರಲ್ಲ."

ಹುಡುಗಿ ಅಮ್ಮನ ಮುಖವನ್ನೇ ನೋಡಿದಳು.

"ಹಾಗಾದ್ರೆ ಹುಡುಕೋದು ನಿಲ್ಲಿಸ್ಲಾ ಅಮ್ಮಾ? ನಂಗೆ ಸುಸ್ತಾಗಿದೆ."