ಫೇರ್ ಪುಸ್ತಕದಿಂದ ಬಿಟ್ಟುಹೋದ ಒಂಬತ್ತು ದಿನ

ತೆಲುಗು ಗಡಿಯ ರಾಯಲ್ಪಾಡಿಗೆ ಬಂದ ಎರಡನೆಯ ದಿನ ಮನೆಯೊಡತಿ ನನ್ನನ್ನು ಕೇಳಿದರು: “ನೀವು ಕನ್ನಡ ಎಲ್ಲಿ ಕಲಿತ್ರಮ್ಮಾ? ಒಂಥರಾ ಐತೆ.” ಬಾಗಲಕೋಟೆಯಲ್ಲಿ ಹುಟ್ಟಿ, ಕನ್ನಡದಲ್ಲೇ ಬೈಸಿಕೊಂಡು ದೊಡ್ಡವಳಾದವಳು ನಾನು. ಅವರು ನನ್ನ ಜೊತೆ ಕನ್ನಡ, ಗಂಡನ ಜೊತೆ ತೆಲುಗು, ಹಸುವಿನ ಜೊತೆಯೂ ತೆಲುಗು. ಪಿಯು ಕಾಲೇಜಿನ ಜೀವಶಾಸ್ತ್ರದ ಉಪನ್ಯಾಸಕಿಯಾಗಿ ಒಂದೇ ರಾಜ್ಯದೊಳಗೆ ಬಂದವಳು ನಾನು, ಆದರೂ ಪರದೇಶಿಯಾಗಿದ್ದೆ. ಆ ದಿನ ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ.

ಬಾಗಲಕೋಟೆಯ ನಮ್ಮೂರಿನವರೇ, ನೀವು ಕೇಳುತ್ತಲೇ ಇರುತ್ತೀರಿ, ಅಲ್ಲಿ ಏನು ತಿನ್ನುತ್ತೀ ಎಂದು. ಮುದ್ದೆ ಮತ್ತು ಬಸ್ಸಾರು. ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿಗೆ ಖಾರ ರುಬ್ಬಿ ಹಾಕಿದರೆ ಬಸ್ಸಾರು. ನಾನು ರೊಟ್ಟಿ ಅಗಿದ ಹಾಗೆ ಮುದ್ದೆಯನ್ನೂ ಅಗಿಯುತ್ತಿದ್ದೆ. “ಅಗೀಬಾರ್ದು ಮೇಡಂ, ನುಂಗ್ಬೇಕು,” ಎಂದು ಕಲಿಸಿದವಳು ನನ್ನ ವಿದ್ಯಾರ್ಥಿನಿ ಶೈಲಜ. ಅವಳ ಮನೆಯಲ್ಲಿ ನನಗೂ ಒಂದು ತಟ್ಟೆ ಇತ್ತು. ಆ ಹುಡುಗಿ ಸಿಗದಿದ್ದರೆ ಮೊದಲ ವರ್ಷವೇ ಗಂಟುಮೂಟೆ ಕಟ್ಟುತ್ತಿದ್ದೆ.

ಅವರದು ಮಾವಿನ ತೋಟ. ಕಾಯಿಗೆ ನೊಣ ಮೊಟ್ಟೆಯಿಟ್ಟು ಹಣ್ಣಿಗೆ ಹುಳ ಬೀಳುತ್ತದೆ. ತುಳಸಿಯ ರಸಕ್ಕೆ ಆ ನೊಣ ಬರುತ್ತದೆಯೇ ಎಂದು ನೋಡಲು ಶೈಲಜ ಮರಗಳಿಗೆ ಹನ್ನೆರಡು ಬಾಟಲಿ ಕಟ್ಟಿದಳು. ಆರರಲ್ಲಿ ತುಳಸಿ ರಸ, ಆರರಲ್ಲಿ ಬರೀ ನೀರು. ಬೇಸಿಗೆಯಿಡೀ ದಿನಾ ಸತ್ತ ನೊಣ ಎಣಿಸಿ ಒಂದು ಪುಸ್ತಕದಲ್ಲಿ ಬರೆದಳು. ದೂರದ ಊರಿನ ಒಂದು ದೊಡ್ಡ ವಿಜ್ಞಾನ ಕಾಲೇಜಿಗೆ ಅರ್ಜಿ ಹಾಕುವಾಗ ಅದನ್ನೇ ಪ್ರಾಜೆಕ್ಟ್ ಎಂದು ತೋರಿಸುವುದೆಂದಾಯಿತು. ಪುಸ್ತಕದ ಪುಟಗಳನ್ನೂ ಅರ್ಜಿಯ ಜೊತೆ ಕಳಿಸಬೇಕಿತ್ತು. ಆಯ್ಕೆಯಾದರೆ ಊಟ, ವಸತಿ, ಓದು ಎಲ್ಲ ಅವರದೇ. ಇಲ್ಲವಾದರೆ ಅವಳು ತಾಲ್ಲೂಕು ದಾಟುವಂತಿರಲಿಲ್ಲ.

ಪುಸ್ತಕ ನೋಡಿ ನನ್ನ ಜೀವ ಕುಗ್ಗಿತು. ಮಾವಿನ ಸೊನೆಯ ಕಲೆ, ಕಾಟು ಹೊಡೆದ ಸಾಲು, ನಡುನಡುವೆ ತೆಲುಗು ಮಾತು. ಒಂಬತ್ತು ದಿನ ಬರೀ ನೀರಿನ ಬಾಟಲಿಗಳಲ್ಲೇ ಹೆಚ್ಚು ನೊಣ ಬಿದ್ದಿದ್ದವು. ಪಕ್ಕದಲ್ಲಿ ಅವಳು ‘ಯಾಕೋ ಗೊತ್ತಿಲ್ಲ’ ಎಂದು ಬರೆದಿದ್ದಳು.

ಅಲ್ಲಿಗೂ ಇಲ್ಲಿಗೂ ಊಟ ಬೇರೆ, ಮಾತು ಬೇರೆ. ಆದರೆ ಪ್ರಾಕ್ಟಿಕಲ್ ರೆಕಾರ್ಡ್ ಮಾತ್ರ ಎರಡೂ ಕಡೆ ಒಂದೇ. ರಫ್ ಪುಸ್ತಕ ನಮಗೆ, ಫೇರ್ ಪುಸ್ತಕ ಪರೀಕ್ಷೆಗೆ ಬರುವ ಸಾಹೇಬರಿಗೆ. ಬರಬೇಕಾದ ಉತ್ತರ ಮೊದಲೇ ಗೊತ್ತಿರುತ್ತದೆ, ಅದಕ್ಕೆ ಸರಿಬಾರದ ರೀಡಿಂಗ್ ರಫ್‌ನಲ್ಲೇ ಸಾಯುತ್ತದೆ. ನಾನು ಹಾಗೇ ಕಲಿತೆ, ಹಾಗೇ ಕಲಿಸಿದೆ. ಹೊಸ ಪುಸ್ತಕ ತಂದುಕೊಟ್ಟು, ಆ ಒಂಬತ್ತು ದಿನ ಬಿಟ್ಟು ಬರೆ ಎಂದು ಶೈಲಜಳನ್ನು ಕೂರಿಸಿದೆ.

“ಆ ಒಂಬತ್ ದಿನ ಬಿಟ್ಬಿಟ್ರೆ ಸುಳ್ಳಾಗಲ್ವಾ ಮೇಡಂ?”

“ಸುಳ್ಳಲ್ಲವ್ವಾ, ಚೊಕ್ಕ ಮಾಡೂದು. ಮಂದಿ ಬರೂವಾಗ ಮನಿ ಕಸ ಹೊಡಿಯೂದಿಲ್ಲೇನು?”

ಅವಳು ಬರೆದಳು.

ಸಂದರ್ಶನ ಕಾಲೇಜಿನ ಕಂಪ್ಯೂಟರಿನಲ್ಲೇ ನಡೆಯಿತು. ನಾನು ಕ್ಯಾಮೆರಾಕ್ಕೆ ಕಾಣದಂತೆ ಪಕ್ಕದಲ್ಲಿ ಕೂತಿದ್ದೆ. ಆ ಕಡೆ ಇದ್ದ ಹೆಂಗಸು ಮೆತ್ತಗೆ ಕೇಳಿದರು: ತೋಟದಲ್ಲಿ ಮಾಡಿದ ಪ್ರಯೋಗ ಒಂದು ದಿನವೂ ಕೆಡಲಿಲ್ಲವೇ, ಇದು ನೀನು ಮೊದಲು ಬರೆದ ಪುಸ್ತಕವೇ? ಶೈಲಜ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಆಮೇಲೆ ಅವಳು, “ಸರಿಬಾರದ ದಿನಗಳನ್ನು ನಾನೇ ತೆಗೆದೆ, ತಪ್ಪಾಯಿತು,” ಎಂದಳು. ಕುರ್ಚಿ ಒಂದು ಗೇಣು ಸರಿಸಿದ್ದರೆ ನಾನು ಅವರಿಗೆ ಕಾಣುತ್ತಿದ್ದೆ. ಸರಿಸಲಿಲ್ಲ. ನನಗೆ ನಾಚಿಕೆಯಾಗುತ್ತದೆ, ಈಗಲೂ.

ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ. ನಾನು ಆ ಕಾಲೇಜಿಗೆ ನಡೆದದ್ದನ್ನೆಲ್ಲ ಬರೆದೆ. ಆಯ್ಕೆ ಮುಗಿದಿದೆ, ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬಹುದು ಎಂದು ಎರಡು ಸಾಲಿನ ಉತ್ತರ ಬಂತು.

ಶೈಲಜ ಮನೆಯಲ್ಲಿ ಏನೂ ಹೇಳಿರಲಿಲ್ಲ. ಅವಳಮ್ಮ ಎಂದಿನಂತೆ ಮಾವಿನಹಣ್ಣು ಕಳಿಸಿ, “ನೀವು ಅಷ್ಟು ಕಷ್ಟಬಿದ್ರಿ, ನಮ್ಮ ಹಣೇಬರ ಮೇಡಂ,” ಎಂದರು. ಒಂದು ಭಾನುವಾರ ಅವರ ಮನೆಗೇ ಹೋಗಿ, ತಪ್ಪು ನನ್ನದು, ನಾನೇ ಬರೆಸಿದ್ದು ಎಂದು ಹೇಳಿಬಿಟ್ಟೆ. ಆ ತಾಯಿ ಬೈಯಲಿಲ್ಲ. ಸೋಸುತ್ತಿದ್ದ ಸೊಪ್ಪನ್ನು ಪಕ್ಕಕ್ಕೆ ಇಟ್ಟರು.

“ನಿಮಗೆ ಬೇಜಾರಾದ್ರೆ ವಾಪಸ್ ಹೋಗಕ್ಕೆ ಒಂದೂರೈತೆ ಮೇಡಂ,” ಎಂದರು. “ಇವ್ಳಿಗೆ ಹೋಗಕ್ಕೆ ಇದ್ದಿದ್ದು ಅದೊಂದೇ ಊರು.”

ವರ್ಗಾವಣೆಯ ಅರ್ಜಿ ಕರೆದಿದ್ದಾರೆ. “ಸಾಕ್ ಬಾರವ್ವಾ,” ಎಂದು ನಮ್ಮವ್ವ ಫೋನಿನಲ್ಲಿ ಅಳುತ್ತಾಳೆ. ನಾನಿನ್ನೂ ಅರ್ಜಿ ಹಾಕಿಲ್ಲ. ಇಲ್ಲಿ ಇರು ಎಂದು ನನಗೆ ಯಾರೂ ಹೇಳಿಲ್ಲ, ಹಾಗೆಂದು ಹೊರಡಲು ಕಾಲೂ ಬರುತ್ತಿಲ್ಲ. ಶೈಲಜ ಈಗ ಇದೇ ತಾಲ್ಲೂಕಿನ ಶ್ರೀನಿವಾಸಪುರದಲ್ಲಿ ಡಿಗ್ರಿಗೆ ಸೇರಿದ್ದಾಳೆ. ಈ ಬೇಸಿಗೆ ಮತ್ತೆ ಬಾಟಲಿ ಕಟ್ಟಿದ್ದಾಳಂತೆ. ದಾರಿಯಲ್ಲಿ ಸಿಕ್ಕಾಗ ನಗುತ್ತಾಳೆ, ನಮಸ್ಕಾರ ಮಾಡುತ್ತಾಳೆ. ಎಣಿಸಿ ಬರೆದ ಪುಸ್ತಕ ಮಾತ್ರ ನನಗೆ ತೋರಿಸಿಲ್ಲ.