ನಾನು ಸರಿಸಿದ ಬಾವಿ

ಮರದ ತೊಗಟೆಯ ಮೇಲೆ ಕೆಮ್ಮಣ್ಣಿನ ಚುಕ್ಕಿಗಳು, ನಡುನಡುವೆ ಬಿಳಿ ಸುತ್ತುಗಳು. ಕಂಡವನೇ ನಿಂತುಬಿಟ್ಟೆ. ಆಸ್ಟ್ರೇಲಿಯಾದ ಒಂದು ವಿಶ್ವವಿದ್ಯಾಲಯ ಕೂಡಿಟ್ಟ, ಅಲ್ಲಿಯ ಮೂಲನಿವಾಸಿಗಳ ಚಿತ್ರಗಳ ಪ್ರದರ್ಶನ ಕೊಲ್ಹಾಪುರಕ್ಕೆ ಬಂದಿತ್ತು. ಇಚಲಕರಂಜಿಯಲ್ಲಿ ಡ್ರಾಯಿಂಗ್ ಮಾಸ್ತರನಾದ ನಾನು ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಪಕ್ಕದ ಚೀಟಿಯಲ್ಲಿ ಚಿತ್ರ ಬರೆದವರ ಹೆಸರಿತ್ತು, ಅವರ ಊರಿತ್ತು. ಆ ಸುತ್ತುಗಳು ನೀರಿನ ಜಾಗಗಳೆಂದೂ ಬರೆದಿತ್ತು. ಓದುತ್ತ ಓದುತ್ತ ನನ್ನ ಕಿವಿ ಬಿಸಿಯಾದವು…

ನಮ್ಮೂರು ನೇಸರಿಯ ಹೊಲಕ್ಕೆ ವರ್ಷಕ್ಕೊಮ್ಮೆ ಕುರಿ ಕಾಯುವವನೊಬ್ಬ ಬರುತ್ತಿದ್ದ; ನಾವು ಅವನನ್ನು ಕುರಿ ಕಾಕಾ ಎನ್ನುತ್ತಿದ್ದೆವು. ಗೊಬ್ಬರಕ್ಕೆಂದು ನಾಲ್ಕು ದಿನ ಹೊಲದಲ್ಲಿ ಕುರಿ ಕೂಡಿಸುತ್ತಿದ್ದ. ಹೊರಡುವಾಗ ನಮ್ಮ ಕೊಟ್ಟಿಗೆಯ ಗೋಡೆಗೆ ಕೆಮ್ಮಣ್ಣಿನಿಂದ ತಾನು ಮುಂದೆ ಹಿಡಿಯುವ ದಾರಿ ಬರೆಯುತ್ತಿದ್ದ. ಚುಕ್ಕಿ ಎಂದರೆ ತಂಗುವ ಜಾಗ, ಸುತ್ತು ಎಂದರೆ ನೀರಿರುವ ಬಾವಿ. ವಾರದ ಮೇಲೆ ಇನ್ನೊಂದು ಹಿಂಡು ಹೊಡೆದುಕೊಂಡು ಬರುವ ಅವನ ತಮ್ಮ ಅದನ್ನು ನೋಡಿಯೇ ಮುಂದೆ ಹೋಗುತ್ತಿದ್ದ.

ಆಗ ಕೊಲ್ಹಾಪುರದಲ್ಲಿ ಚಿತ್ರಕಲೆ ಕಲಿಯುತ್ತಿದ್ದ ನಾನು, ಆ ಗೋಡೆಯನ್ನು ಇದ್ದ ಹಾಗೇ ಕ್ಯಾನ್ವಾಸಿಗೆ ಇಳಿಸಿದೆ. ಚಿತ್ರಕ್ಕೆ ಅಂದ ಬರಲಿ ಎಂದು ಒಂದು ಬಾವಿಯನ್ನು ಮಾತ್ರ ಬಲಕ್ಕೆ ಸರಿಸಿದೆ. ಕೆಳಗೆ ನನ್ನ ಸಹಿ, ಬಲು ದೊಡ್ಡದು. ಕಾಲೇಜಿನ ಪ್ರದರ್ಶನದಲ್ಲಿ ಮೊದಲ ಬಹುಮಾನ ಬಂತು. ಅಪ್ಪ ಹಿಗ್ಗಿ, ಆಗ ಹೊಲಕ್ಕೆ ಬಂದಿದ್ದ ಕಾಕಾನನ್ನೂ ಎಸ್‌ಟಿ ಬಸ್ಸಿನಲ್ಲಿ ಕರೆತಂದ.

ಕಾಕಾ ನೋಡಿದೊಡನೆ ಗುರುತು ಹಿಡಿದ. ಸಿಟ್ಟಾಗಲಿಲ್ಲ, ಗಾಬರಿಯಾದ.

"ತಮ್ಮಾ, ಈ ಬಾವಿ ಇಲ್ಲಿಲ್ಲೋ. ಇದನ್ನ ನಂಬಿ ಯಾರರೆ ಹ್ವಾದ್ರ, ಕುರಿ ನೀರಿಲ್ಲದ ಸಾಯ್ತಾವ. ತಿದ್ದಿಬಿಡು."

ಸುತ್ತ ನಿಂತವರು ನಕ್ಕರು. "ಹೇ ಕೋಣ್?" ಇವನಾರೆಂದು ನಮ್ಮ ಸರ್ ಕೇಳಿದರು. ಯಾರೋ ಕುರಿ ಕಾಯುವವನು, ಚಿತ್ರದ ಗಂಧಗಾಳಿ ಇಲ್ಲ ಎಂದು ಮರಾಠಿಯಲ್ಲಿ ಹೇಳಿ ನಾನೂ ನಕ್ಕೆ. ಕಾಕಾನಿಗೆ ಮರಾಠಿ ನನಗಿಂತ ಚೆನ್ನಾಗಿ ಬರುತ್ತಿತ್ತು. ಅದು ನನಗೆ ಗೊತ್ತಿತ್ತು. ನೆನೆದರೆ ಇಂದಿಗೂ ತಲೆ ತಗ್ಗುತ್ತದೆ.

ಅವನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಮುಂದಿನ ವರ್ಷ ಬಂದಾಗ ಗೋಡೆಗೆ ಏನೂ ಬರೆಯಲಿಲ್ಲ. ಆಮೇಲೆ ಬರಲೇ ಇಲ್ಲ… ತೀರಿಕೊಂಡನಂತೆ.

ಮೊನ್ನೆ ಆಸ್ಟ್ರೇಲಿಯಾದ ಚಿತ್ರಗಳ ಪ್ರದರ್ಶನದಿಂದ ಮನೆಗೆ ಬಂದವನೇ ಆ ಚಿತ್ರವನ್ನು ಕೆಳಗಿಳಿಸಿ ನನ್ನ ಸಹಿ ಕೆರೆದು ಹಾಕಿದೆ. ಕಾಕಾನ ಹೆಸರು ಬರೆಯೋಣವೆಂದು ಕುಂಚ ಅದ್ದಿದೆ. ಅವನ ಹೆಸರು ಕೇಳಲು ಅಪ್ಪ ಈಗಿಲ್ಲ. ನೇಸರಿಯಲ್ಲಿರುವ ಅಣ್ಣನಿಗೆ ಫೋನ್ ಮಾಡಿದೆ.

"ಅಣ್ಣಾ, ಕುರಿ ಕಾಕಾನ ಹೆಸರೇನಿತ್ತು?"



"ನಾವ್ ಯಾವಾಗರೆ ಕೇಳಿದ್ದಿವೇನೋ?"

ಕಾಕಾನ ತಮ್ಮನನ್ನು ಕೇಳೋಣವೆಂದರೆ ಅವನ ಹಿಂಡು ಇತ್ತ ಬರುವುದು ನಿಂತೂ ಎಷ್ಟೋ ವರ್ಷಗಳಾದವು. ಕುಂಚ ತೊಳೆದಿಟ್ಟೆ.