ಹೊಲ ನುಂಗಿದ ಬೆತ್ತ

ಹೊಲ ಮಾರಿಸುವ ದಲ್ಲಾಳಿಗೆ ಎಣ್ಣೆ ಹಚ್ಚಿದ ನಾಲಿಗೆ ಬೇಕು ಅಂತ ಜನ ತಿಳಿದಿದ್ದಾರೆ. ನನ್ನನ್ನು ದಲ್ಲಾಳಿ ಮಾಡಿದ್ದು ಒಂದು ಬೆತ್ತ.

ಆಗ ನಿಜಾಮರ ಕಾಲ. ತಳಕಲ್ ಹತ್ತಿರದ, ಕಪ್ಪು ಮಣ್ಣಿನ ಒಂದು ಎರೆ ಹೊಲ ಮಾರಿಸಲು ಹೋಗಿ ನನಗಿಂತ ಮೊದಲೇ ಇಬ್ಬರು ದಲ್ಲಾಳಿಗಳು ಕೈಚೆಲ್ಲಿದ್ದರು. ನಾನೂ ಸೋತರೆ ಕಸುಬು ಬಿಟ್ಟು ಮಾವನ ಅಂಗಡಿಯಲ್ಲಿ ತಕ್ಕಡಿ ಹಿಡಿಯಬೇಕಿತ್ತು. ಕಡುಬೇಸಿಗೆಯಲ್ಲಿ ಆನೆಗೊಂದಿಯ ಗೌಡರೊಬ್ಬರು ಹೊಲ ನೋಡಲು ಬಂದರು. ಹುಟ್ಟಿದಾಗಿನಿಂದ ಭತ್ತದ ಗದ್ದೆಯನ್ನಷ್ಟೇ ಕಂಡವರು. ಬಾಯಿ ಬಿಟ್ಟ ಬಿರುಕುಗಳನ್ನು ನೋಡಿ ಬದುವಿನ ಮೇಲೇ ನಿಂತುಬಿಟ್ಟರು.

"ಏನಪಾ, ಸತ್ತ ನೆಲ ತೋರ್ಸಾಕ ಇಷ್ಟು ದೂರ ಕರ್ಕೊಂಡ್ ಬಂದೀಯೇನು? ನಮ್ಮ ಗದ್ದಿ ಹಿಂಗ ಬಿರಿದ್ರ ಆ ವರ್ಷದ ಬೆಳಿ ಹೋದಂಗ."

ಹಿಂದಿನ ಇಬ್ಬರೂ ಬಿರುಕಿನ ಕಡೆ ಕಣ್ಣು ಹೋಗದಂತೆ ಮಾತಾಡಿ ಕೆಟ್ಟಿದ್ದರು. ನಾನು, "ಗೌಡ್ರ, ನಿಮ್ಮ ಬೆತ್ತ ಅದರಾಗ ಇಳಿಬಿಡ್ರಿ. ತಳ ಸಿಕ್ರ ಹೇಳ್ರಿ," ಅಂದೆ.

ಬೆತ್ತ ಇಳಿಯಿತು, ಇನ್ನೂ ಇಳಿಯಿತು, ಕೊನೆಗೆ ಬೆಳ್ಳಿ ಹಿಡಿಯ ಸಮೇತ ಗೌಡರ ಕೈಜಾರಿ ಮಾಯವಾಯಿತು.

"ಅಷ್ಟೂ ಎರಿ ಮಣ್ಣರಿ. ಮಳಿಗಾಲದಾಗ ಆ ಬಾಯಿ ಕುಡಿದ ನೀರಿನ ಮ್ಯಾಲ ಚಳಿಗಾಲಕ್ಕ ಬಿಳಿಜೋಳ ಆಳೆತ್ತರ ಬರ್ತೈತಿ. ಕಾಲುವಿ ನೀರಿನ ಹಂಗು ಬೇಕಾಗಿಲ್ಲ."

ಗೌಡರು ಬಿರುಕಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ಒಳಗೆ ಇಣುಕಿದರು. ಎದ್ದವರು, "ಹೊಲ ನಂದ," ಅಂದರು.

ವಾರದೊಳಗೆ ಯಲಬುರ್ಗಾದಲ್ಲಿ ಖರೀದಿ ಕಾಗದವಾಯಿತು. ಮಾವ ತಕ್ಕಡಿಗೆ ಬೇರೆಯವರನ್ನು ಹುಡುಕಿಕೊಂಡ. ಬೆತ್ತ ಮಾತ್ರ ಸಿಗಲಿಲ್ಲ. ಗೌಡರು ಕೇಳಿದಾಗಲೆಲ್ಲ ನನ್ನದು ಒಂದೇ ಉತ್ತರ: "ಹೊಲ ನಿಮ್ಮದ ಆದ ಮ್ಯಾಲ ಬೆತ್ತ ಎಲ್ಲಿ ಹೋಗ್ತೈತ್ರಿ?"